ಅಜ್ಜಿಯ ಕೈಗೆ ಹೆಣಿಗೆ ಕಡ್ಡಿ

'ದುಡಿದದ್ದು ಸಾಕಮ್ಮ, ಇನ್ನು ಸುಮ್ಮನೆ ಕೂತಿರು' ಎಂದು ಮಕ್ಕಳು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಸುಮ್ಮನೆ ಕೂರುವುದು ಇಳಿವಯಸ್ಸಿನವರಿಗೆ ಒಳ್ಳೆಯದಲ್ಲ. ಬಳಸದ ಕೀಲು ಬಿಗಿಯುತ್ತದೆ. ಮಾತಿಗೆ ಜನರಿಲ್ಲದ ಮನಸ್ಸು ಮಂಕಾಗುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳ ಸಮುದಾಯ ಭವನಗಳಲ್ಲಿ ವಾರಕ್ಕೆರಡು ಮಧ್ಯಾಹ್ನ ಹಿರಿಯರಿಗೆ ಹೆಣಿಗೆ ಕಲಿಸಿದರೆ ಎರಡಕ್ಕೂ ಉಪಕಾರವಾದೀತು.

ಉಣ್ಣೆ ಈ ಜಿಲ್ಲೆಗೆ ಹೊಸತಲ್ಲ. ಕುರಿ ಸಾಕುವ ಮನೆಗಳಲ್ಲಿ ಹೆಂಗಸರು ಉಣ್ಣೆ ನೂಲುತ್ತಿದ್ದರು, ಗಂಡಸರು ಮಗ್ಗದಲ್ಲಿ ಕಂಬಳಿ ನೇಯುತ್ತಿದ್ದರು. ನೂಲಿಗೆ ಹುಣಸೆಬೀಜದ ಸರಿ ಹಚ್ಚುತ್ತಿದ್ದರು. ಹೀಗೆ ನೂಲಿನ ಹದ ಬಲ್ಲ ಕೈಗಳಿಗೆ ಹೆಣಿಗೆ ಕಷ್ಟವಲ್ಲ. ತಾತಂದಿರೂ ಕಲಿಯಬಹುದು.

2013ರಲ್ಲಿ ಬ್ರಿಟನ್ನಿನ ಆಕ್ಯುಪೇಷನಲ್ ಥೆರಪಿ ಪತ್ರಿಕೆಯೊಂದು 3,545 ಹೆಣಿಗೆಗಾರರ ಸಮೀಕ್ಷೆ ಪ್ರಕಟಿಸಿತು. ಹೆಚ್ಚು ಸಲ ಹೆಣೆಯುವವರು ಮನಸ್ಸು ಶಾಂತವಾಗಿರುತ್ತದೆ ಎಂದಿದ್ದರು. ಇದು ಅವರವರ ಹೇಳಿಕೆಯೇ ಹೊರತು ರೋಗ ಗುಣವಾದ ಪುರಾವೆಯಲ್ಲ. ಹೆಣಿಗೆ ಔಷಧಿಗೆ ಬದಲಿಯೂ ಅಲ್ಲ.

ಕಲಿಸುವ ಕ್ರಮ

ಕಲಿಸುವವರು ಒಬ್ಬರಿಗೆ ಐದಾರು ಮಂದಿಗಿಂತ ಹೆಚ್ಚಿರಬಾರದು. ಬೆನ್ನಿಗೆ ಆಸರೆಯಿರುವ ಕುರ್ಚಿ, ಕಿಟಕಿಯ ಬೆಳಕು ಬೇಕು. ದಪ್ಪ ಮರದ ಇಲ್ಲವೇ ಬಿದಿರಿನ ಕಡ್ಡಿ, ತಿಳಿ ಬಣ್ಣದ ದಪ್ಪ ನೂಲು ಕೊಡಿ. ಮಡಿಲಲ್ಲಿ ಕಪ್ಪು ಬಟ್ಟೆ ಹಾಸಿದರೆ ಕುಣಿಕೆ ಎದ್ದು ಕಾಣುತ್ತದೆ. ಮೊದಲು 20 ಕುಣಿಕೆ, ಬರೀ ಸೀದಾ ಹೆಣಿಗೆ. ಅದು ಕೈಗೆ ಬಂದ ಮೇಲೆ ಉಲ್ಟಾ. 20 ನಿಮಿಷಕ್ಕೊಮ್ಮೆ ಕಡ್ಡಿ ಕೆಳಗಿಟ್ಟು ಬೆರಳು ಬಿಡಿಸಿ ಮಡಿಸಲಿ. ಕೀಲು ಊದಿ ಬಿಸಿಯಾಗಿದ್ದ ದಿನ ಹೆಣೆಯುವುದು ಬೇಡ. ತಪ್ಪಿದರೆ ಕಡ್ಡಿ ಕಿತ್ತುಕೊಂಡು ನೀವೇ ಹೆಣೆದುಕೊಡಬೇಡಿ. ಪಕ್ಕದಲ್ಲಿ ಕೂತು ಇನ್ನೊಮ್ಮೆ ತೋರಿಸಿ.

'ವಯಸ್ಸಾಯ್ತು' ಎನ್ನುವ ಮುನ್ನ

ಹೆಣಿಗೆಯ ಇನ್ನೊಂದು ಉಪಯೋಗವನ್ನು ಮನೆಯವರು ಗಮನಿಸಬೇಕು. ಮನೆಯಲ್ಲಿ ಮರೆಯಾಗಿರುವ ತೊಂದರೆ ಇಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ಕುಣಿಕೆ ಮಸುಕಾಗಿ ಕಂಡರೆ ಕನ್ನಡಕ ಬದಲಿಸಬೇಕಿರಬಹುದು ಅಥವಾ ಕಣ್ಣಿಗೆ ಪೊರೆ ಬಂದಿರಬಹುದು. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಹೆಬ್ಬೆರಳು ಮತ್ತು ಪಕ್ಕದ ಬೆರಳುಗಳು ರಾತ್ರಿ ಜೋಮು ಹಿಡಿದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ಕುತ್ತಿಗೆ, ಬೆನ್ನು, ಮಂಡಿಗಳೂ ಬಿಗಿದಿದ್ದರೆ ಕುಡಿಯುವ ನೀರನ್ನು ಪರೀಕ್ಷಿಸಿ. ಜಿಲ್ಲೆಯ ಕೆಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ನೀರು ಬದಲಿಸದೆ ವ್ಯಾಯಾಮವೊಂದರಿಂದ ಈ ತೊಂದರೆ ಹೋಗದು.

ನಿನ್ನೆ ಸರಿಯಾಗಿ ಹೆಣೆದ ಕೈಯಿಂದ ಇಂದು ಇದ್ದಕ್ಕಿದ್ದಂತೆ ಕಡ್ಡಿ ಜಾರಿದರೆ, ಬಾಯಿ ಓರೆಯಾದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಮಲಗಿಸಿ ಕಾಯಬೇಡಿ. 108ಕ್ಕೆ ಕರೆ ಮಾಡಿ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

'ನನ್ನ ಕೈಲಾಗದು, ವಯಸ್ಸಾಯ್ತು' ಎಂದು ಅಜ್ಜಿ ಕಡ್ಡಿ ಕೆಳಗಿಟ್ಟರೆ ಹೌದೆಂದು ತಲೆಯಾಡಿಸಬೇಡಿ. ಏನಾಗದು, ಎಂದಿನಿಂದ ಎಂದು ಕೇಳಿ. ಎಷ್ಟೋ ಸಲ ಅಡ್ಡಿಯಾಗಿರುವುದು ವಯಸ್ಸಲ್ಲ, ಚಿಕಿತ್ಸೆಗೆ ಬಗ್ಗುವ ಒಂದು ತೊಂದರೆ.