ಎರಡು ಕೇಬಲ್ ಎಳೆದರೆ ಸಾಲದು: ಸ್ವಿಚ್ಚುಗಳ ಬದಲಿ ವ್ಯವಸ್ಥೆಯ ಬಗ್ಗೆ

ಲೆಕ್ಕಪರಿಶೋಧನೆಗೆಂದು ನಂಜನಗೂಡು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಹೋಗಿದ್ದಾಗ ಅಲ್ಲಿ ಬೆಳಗಿನಿಂದ ಬಿಲ್ಲಿಂಗ್ ಸ್ಥಗಿತಗೊಂಡಿತ್ತು. ವಿದ್ಯುತ್, ಸರ್ವರ್, ಇಂಟರ್‌ನೆಟ್ ಎಲ್ಲವೂ ಸರಿಯಿದ್ದವು. ಆದರೂ ಸರಕು ತುಂಬಿದ ಲಾರಿಗಳು ಗೇಟಿನೊಳಗೇ ನಿಂತಿದ್ದವು. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಇ-ಇನ್ವಾಯ್ಸ್ ಕಡ್ಡಾಯವಾಗಿರುವುದರಿಂದ ಕೈಬಿಲ್ಲು ಬರೆದು ಕಳುಹಿಸುವಂತೆಯೂ ಇರಲಿಲ್ಲ. ಮಧ್ಯಾಹ್ನ ಕಾರಣ ದೊರೆಯಿತು. ಒಂದು ಕೆಟ್ಟರೆ ಇನ್ನೊಂದಿರಲಿ ಎಂಬ ಸದುದ್ದೇಶದಿಂದ ಯಾರೋ ಎರಡು ಸ್ವಿಚ್ಚುಗಳ ನಡುವೆ ಎರಡನೆಯ ಕೇಬಲ್ ಜೋಡಿಸಿದ್ದರು!

ಎಲ್ಲ ಕಂಪ್ಯೂಟರುಗಳಿಗೂ ಉದ್ದೇಶಿಸಿದ ಸಂದೇಶವು ಬಂದರೆ ಸ್ವಿಚ್ಚು ಅದನ್ನು ಉಳಿದೆಲ್ಲ ಪೋರ್ಟುಗಳಿಗೂ ಹಂಚುತ್ತದೆ. ಎರಡು ದಾರಿಗಳಿದ್ದಲ್ಲಿ ಅದೇ ಸಂದೇಶ ಒಂದರಲ್ಲಿ ಹೋಗಿ ಮತ್ತೊಂದರಲ್ಲಿ ಹಿಂದಿರುಗಿ ಗಾಣದೆತ್ತಿನಂತೆ ಸುತ್ತತೊಡಗುತ್ತದೆ. ಕ್ಷಣಾರ್ಧದಲ್ಲಿ ಜಾಲವೇ ಕಟ್ಟಿಹೋಗುತ್ತದೆ. ಇದನ್ನು ತಡೆಯಲು ರಾಡಿಯಾ ಪರ್ಲ್‌ಮನ್ ಎಂಬ ಮಹಿಳೆ 1985ರಲ್ಲಿ 'ಸ್ಪ್ಯಾನಿಂಗ್ ಟ್ರೀ' ಕ್ರಮವನ್ನು ರೂಪಿಸಿದರು. ಅದು ಹೆಚ್ಚುವರಿ ದಾರಿಯನ್ನು ಮುಚ್ಚಿಟ್ಟು, ಮುಖ್ಯ ದಾರಿ ಕಡಿದಾಗ ಮಾತ್ರ ತೆರೆಯುತ್ತದೆ. ಹಳೆಯ ಕ್ರಮದಲ್ಲಿ ಇದಕ್ಕೆ 30ರಿಂದ 50 ಸೆಕೆಂಡು ಬೇಕಾಗುತ್ತಿತ್ತು. 2001ರಲ್ಲಿ ಬಂದ 'ರಾಪಿಡ್' ಕ್ರಮಕ್ಕೆ ಕೆಲವೇ ಸೆಕೆಂಡು ಸಾಕು. ಅಗ್ಗದ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯವಿರುವುದಿಲ್ಲವಾದ್ದರಿಂದ 'ಮ್ಯಾನೇಜ್ಡ್' ಸ್ವಿಚ್ಚೆಂದೇ ಕೇಳಿ ಖರೀದಿಸತಕ್ಕದ್ದು.

ಈ ಕ್ರಮದಲ್ಲಿ ಸ್ವಿಚ್ಚುಗಳು ತಮ್ಮೊಳಗೊಂದು ಯಜಮಾನನನ್ನು ಆರಿಸಿಕೊಳ್ಳುತ್ತವೆ. ಎಲ್ಲದರ ಆದ್ಯತಾ ಸಂಖ್ಯೆಯೂ ತಯಾರಕರು ಇಟ್ಟ 32768 ಆಗಿಯೇ ಉಳಿದಿದ್ದರೆ, ಯಾವುದರ ಯಂತ್ರ ವಿಳಾಸ ಚಿಕ್ಕದೋ ಅದೇ ಯಜಮಾನ. ಅದು ಉಗ್ರಾಣದ ಮೂಲೆಯಲ್ಲಿ ಧೂಳು ಹಿಡಿದ ಹಳೆಯ ಸ್ವಿಚ್ಚೇ ಆಗಿರುವ ಸಂಭವವುಂಟು. ಸರ್ವರ್ ಬಳಿಯ ಸ್ವಿಚ್ಚಿಗೆ 4096, ಅದರ ಜೊತೆಯದಕ್ಕೆ 8192 ಎಂದು ನಾವೇ ನಮೂದಿಸುವುದು ಲೇಸು. ಸರ್ವರಿನಿಂದಲೂ ಎರಡಕ್ಕೂ ಒಂದೊಂದು ಕೇಬಲ್ ಹೋಗಬೇಕು.

2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ, ಮಲ್ಲನಮೂಲೆ ಮಠದ ಬಳಿ ಹೆದ್ದಾರಿ ಜಲಾವೃತವಾಗಿ ಮೈಸೂರಿನ ಸಂಚಾರ ನಿಂತದ್ದು ನಂಜನಗೂಡಿನ ವರ್ತಕರಿಗೆ ನೆನಪಿರಬಹುದು. ಹೋಗುವವರಿಗೂ ಬರುವವರಿಗೂ ಒಂದೇ ನೀರು ಅಡ್ಡವಾಗಿತ್ತು. ತಿ. ನರಸೀಪುರದ ಅಕ್ಕಿ ಗಿರಣಿಯೊಂದರಲ್ಲಿ ಕಚೇರಿಯಿಂದ ಗೋದಾಮಿಗೆ ಎಳೆದ ಎರಡು ಕೇಬಲ್ಲುಗಳೂ ಒಂದೇ ಕಾಲುವೆಯಲ್ಲಿರುವುದನ್ನು ಕಂಡಿದ್ದೇನೆ. ಜೆಸಿಬಿಯ ಒಂದೇ ಏಟಿಗೆ ಎರಡೂ ಹೋಗುತ್ತವೆ. ಎರಡು ಸ್ವಿಚ್ಚುಗಳಿದ್ದು ಯುಪಿಎಸ್ ಒಂದೇ ಆಗಿದ್ದರೂ ಅಷ್ಟೇ.

ವೆಚ್ಚದ ಮಾತಿಗೆ ಬಂದರೆ, ಕಂಪ್ಯೂಟರಿನೊಂದಿಗೆ ಬಳಸುವ ಸ್ವಿಚ್ಚು, ರೂಟರುಗಳನ್ನು ಕಂಪ್ಯೂಟರ್ ಎಂದೇ ಪರಿಗಣಿಸಬಹುದೆಂದು ಆದಾಯ ತೆರಿಗೆ ನ್ಯಾಯಮಂಡಳಿಯ ಮುಂಬೈ ವಿಶೇಷ ಪೀಠವು ಡೇಟಾಕ್ರಾಫ್ಟ್ ಪ್ರಕರಣದಲ್ಲಿ 2010ರಲ್ಲಿ ತೀರ್ಪಿತ್ತಿದೆ. ಆಗ ಶೇ. 60 ಇದ್ದ ಸವಕಳಿ ದರ 2017-18ರಿಂದ ಶೇ. 40ಕ್ಕೆ ಇಳಿಯಿತಾದರೂ ಸಾಮಾನ್ಯ ಯಂತ್ರೋಪಕರಣಗಳ ಶೇ. 15ಕ್ಕಿಂತ ಇದು ಲಾಭದಾಯಕವೇ.

ಜೋಡಣೆ ಮುಗಿದ ಮೇಲೆ ಪರೀಕ್ಷಿಸದೆ ಹಣ ಪಾವತಿಸಬೇಡಿ. ರಿಟರ್ನ್ ಸಲ್ಲಿಕೆಯ 11 ಮತ್ತು 20ನೇ ತಾರೀಖುಗಳನ್ನು ಬಿಟ್ಟು ಒಂದು ಭಾನುವಾರ ಬಿಲ್ ಹಾಕುತ್ತಿರುವಾಗಲೇ ಮುಖ್ಯ ಕೇಬಲ್ ಕೀಳಿಸಿ, ಆ ಬಳಿಕ ಒಂದು ಸ್ವಿಚ್ಚನ್ನೇ ಆರಿಸಿ ನೋಡಿ. ಹೊಂದಾಣಿಕೆಗಳನ್ನು ಸ್ವಿಚ್ಚಿನಲ್ಲಿ 'ಸೇವ್' ಮಾಡದಿದ್ದರೆ ಕರೆಂಟು ಹೋಗಿ ಬಂದೊಡನೆ ಎಲ್ಲವೂ ಅಳಿಸಿಹೋಗಬಹುದು. ಅವುಗಳ ಮುದ್ರಿತ ಪ್ರತಿಯನ್ನೂ ಪಾಸ್‌ವರ್ಡನ್ನೂ ಜೋಡಿಸಿದವರಿಂದ ಅಂದೇ ಪಡೆದು ಮಾಲೀಕರ ಬೀರುವಿನಲ್ಲಿಡಿ.