47–47ಕ್ಕೆ ನಿಂತುಹೋದ ಸ್ಕೋರ್‌ಬೋರ್ಡ್

ಮೊದಲು ಕೈಚೆಲ್ಲಿದ್ದು ಸ್ಕೋರ್‌ಬೋರ್ಡ್. 2010ರ ಜೂನ್ 23ರ ಸಂಜೆ, ವಿಂಬಲ್ಡನ್‌ನ 18ನೇ ಅಂಕಣದಲ್ಲಿ ಐದನೇ ಸೆಟ್ 47–47 ಆದಾಗ ಅದು ಅಲ್ಲೇ ನಿಂತಿತು, ಆಮೇಲೆ ಪೂರ್ತಿ ಆರಿಹೋಯಿತು. ಅದರಾಚೆಗೂ ಎಣಿಸಬೇಕಾಗುತ್ತದೆ ಎಂದು ಅದನ್ನು ಸಿದ್ಧಪಡಿಸಿದವರಿಗೆ ಹೊಳೆದಿರಲಿಲ್ಲ. ಅವರನ್ನು ದೂರುವಂತೆಯೂ ಇಲ್ಲ. ಆರು ಗೇಮ್ ಗೆದ್ದರೆ ಮುಗಿಯಬೇಕಾದ ಸೆಟ್ಟಿಗೆ 47ರವರೆಗೆ ಜಾಗ ಬಿಟ್ಟವರು ಧಾರಾಳಿಗಳೇ. ಆಮೇಲೆ ಎತ್ತರದ ಕುರ್ಚಿಯಲ್ಲಿ ಕೂತಿದ್ದ ಅಂಪೈರ್ ಮೊಹಮದ್ ಲಾಹ್ಯಾನಿಯವರ ದನಿಯೊಂದೇ ಗತಿ. 48–47, 48–48, 49–48. ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಅವರು ಹೇಳುತ್ತಲೇ ಹೋದರು.

ಅದು ಪುರುಷರ ಸಿಂಗಲ್ಸ್‌ನ ಮೊದಲ ಸುತ್ತಿನ ಪಂದ್ಯ. ಅಮೆರಿಕದ ಜಾನ್ ಇಸ್ನರ್, ಆರಡಿ ಹತ್ತಂಗುಲದ ಆಳು, 23ನೇ ಶ್ರೇಯಾಂಕ. ಎದುರಿಗೆ ಫ್ರಾನ್ಸ್‌ನ ನಿಕೊಲಾ ಮಾಹು. ಆತ ಮೂರು ಅರ್ಹತಾ ಪಂದ್ಯ ಗೆದ್ದು ಒಳಗೆ ಬಂದವನು. ಆ ಮೂರರಲ್ಲಿ ಒಂದರ ಕೊನೆಯ ಸೆಟ್ 24–22. ಮುಂದೇನು ಕಾದಿದೆಯೆಂಬುದಕ್ಕೆ ಅದೊಂದು ಸಣ್ಣ ತಾಲೀಮು ಅನ್ನಬೇಕು.

22ರ ಸಂಜೆ ಶುರುವಾದ ಆಟ ನಾಲ್ಕು ಸೆಟ್ ಮುಗಿದಾಗ ಬೆಳಕು ಸಾಲದೆ ನಿಂತಿತು. ಮರುದಿನ ಮಧ್ಯಾಹ್ನ ಎರಡು ದಾಟಿದ ಮೇಲೆ ಐದನೇ ಸೆಟ್. ಅತ್ತ ದಕ್ಷಿಣ ಆಫ್ರಿಕದಲ್ಲಿ ಫುಟ್‌ಬಾಲ್ ವಿಶ್ವಕಪ್. ಈ ಸೆಟ್ ಆರಂಭವಾದ ಮೇಲೆ ಇಂಗ್ಲೆಂಡ್–ಸ್ಲೊವೇನಿಯಾ ಪಂದ್ಯ ಶುರುವಾಯಿತು, ಇಂಗ್ಲೆಂಡ್ ಗೆದ್ದಿತು, ಜನ ಎದ್ದು ಹೋದರು. ಸೆಟ್ ಇನ್ನೂ ನಡೆದೇ ಇತ್ತು. 59–59ಕ್ಕೆ ಮತ್ತೆ ಕತ್ತಲು. ನಮ್ಮಲ್ಲಿ ಟಿ.ವಿ. ಮುಂದೆ ಕೂತವರ ಗಡಿಯಾರದಲ್ಲಿ ಆಗ ರಾತ್ರಿ ಒಂದೂವರೆ ದಾಟಿತ್ತು. ಮೂರನೆಯ ದಿನ, 33 ವರ್ಷಗಳ ನಂತರ ವಿಂಬಲ್ಡನ್‌ಗೆ ಬಂದ ರಾಣಿ ಎಲಿಜಬೆತ್ ಸೆಂಟರ್ ಕೋರ್ಟಿನಲ್ಲಿ ಆಟ ನೋಡಿದರು. ಅದೇ ಮಧ್ಯಾಹ್ನ 18ನೇ ಅಂಕಣದಲ್ಲಿ ಇನ್ನೂ 20 ಗೇಮ್ ಆಡಿ ಇಸ್ನರ್ ಗೆದ್ದ: 70–68.

ಒಟ್ಟು 11 ಗಂಟೆ 5 ನಿಮಿಷ. 183 ಗೇಮ್, 980 ಪಾಯಿಂಟ್. ಎದುರಾಳಿಯ ರ‍್ಯಾಕೆಟ್ಟಿಗೆ ತಾಗದೆ ಹೋದ ಏಸ್‌ಗಳು ಇಸ್ನರ್‌ನವು 113, ಮಾಹುವಿನವು 103. ಒಂದು ಪಂದ್ಯದಲ್ಲಿ ಅದುವರೆಗಿನ ದಾಖಲೆ 78 ಇತ್ತು; ಸೋತವನೂ ಅದನ್ನು ಮುರಿದಿದ್ದ. ವಿಂಬಲ್ಡನ್‌ನಲ್ಲಿ ಮೊದಲು 7 ಗೇಮ್ ಆದ ಮೇಲೆ, ನಂತರ 9 ಗೇಮಿಗೊಮ್ಮೆ ಚೆಂಡು ಬದಲಿಸುತ್ತಾರೆ. ಆ ಲೆಕ್ಕಕ್ಕೆ ಸುಮಾರು 20 ಸಲ ಹೊಸ ಚೆಂಡು ಬಂದಿರಬೇಕು. ಅದಕ್ಕೆ ಮೊದಲಿನ ಅತಿ ದೀರ್ಘ ಪಂದ್ಯ, 2004ರ ಫ್ರೆಂಚ್ ಓಪನ್‌ನದು, 6 ಗಂಟೆ 33 ನಿಮಿಷ ನಡೆದಿತ್ತು. ಇಲ್ಲಿ ಐದನೇ ಸೆಟ್ ಒಂದೇ 8 ಗಂಟೆ 11 ನಿಮಿಷ.

ಈ ಅಂಕಿಗಳು ಎಷ್ಟು ದೊಡ್ಡವೆಂಬುದು ಗೊತ್ತಾಗಲು ಪಕ್ಕದಲ್ಲಿ ಇನ್ನೊಂದನ್ನು ಇಡಬೇಕು. ಆ ವರ್ಷದ ಚಾಂಪಿಯನ್ ರಫೆಲ್ ನಡಾಲ್. ನಾಲ್ಕನೇ ಸುತ್ತಿನಲ್ಲಿ ಮಾಥ್ಯೂ, ಕ್ವಾರ್ಟರ್‌ಫೈನಲ್‌ನಲ್ಲಿ ಸೋಡರ್‌ಲಿಂಗ್, ಸೆಮಿಫೈನಲ್‌ನಲ್ಲಿ ಮರ್ರೆ, ಫೈನಲ್‌ನಲ್ಲಿ ಬರ್ಡಿಕ್. ಈ ನಾಲ್ವರನ್ನು ಸೋಲಿಸಿ ಕಪ್ ಎತ್ತಲು ನಡಾಲ್ ಆಡಿದ ಗೇಮ್‌ಗಳನ್ನು ಕೂಡಿಸಿ ನೋಡಿದೆ: 26, 38, 33, 31, ಒಟ್ಟು 128. ಇಸ್ನರ್ ಮತ್ತು ಮಾಹು ಒಂದೇ ಸೆಟ್ಟಿನಲ್ಲಿ ಆಡಿದ್ದು 138.

ಹೀಗೇಕಾಯಿತು? ಟೆನಿಸ್‌ನಲ್ಲಿ ಸೀಟಿ ಊದಿ ಆಟ ಮುಗಿಸುವ ಗಡಿಯಾರವಿಲ್ಲ. ಆಗ ವಿಂಬಲ್ಡನ್‌ನ ಐದನೇ ಸೆಟ್ಟಿನಲ್ಲಿ ಎರಡು ಗೇಮಿನ ಅಂತರ ಬರುವವರೆಗೆ ಆಡಬೇಕಿತ್ತು. ಅಂತರ ಬರಲು ಒಬ್ಬರು ಇನ್ನೊಬ್ಬರ ಸರ್ವ್ ಮುರಿಯಬೇಕು, ಅಂದರೆ ಎದುರಾಳಿ ಸರ್ವ್ ಮಾಡುವ ಗೇಮನ್ನು ಗೆಲ್ಲಬೇಕು. ಈ ಆಟದ ಲೆಕ್ಕದ ಕರಾಮತ್ತು ಇರುವುದು ಅಲ್ಲೇ. ತನ್ನ ಸರ್ವ್‌ನಲ್ಲಿ ನೂರಕ್ಕೆ 80 ಪಾಯಿಂಟ್ ಗೆಲ್ಲುವ ಆಟಗಾರ ಗೇಮ್ ಉಳಿಸಿಕೊಳ್ಳುವ ಸಾಧ್ಯತೆ ನೂರಕ್ಕೆ 80 ಅಲ್ಲ, ಸುಮಾರು 98. ಸಣ್ಣ ಮೇಲುಗೈಯನ್ನು ಗೇಮ್ ಎಂಬ ಭೂತಗನ್ನಡಿ ಹಿಗ್ಗಿಸಿಬಿಡುತ್ತದೆ. ಈ ಪಂದ್ಯದಲ್ಲಿ ಸತತ 168 ಗೇಮ್‌ಗಳಲ್ಲಿ ಒಬ್ಬರ ಸರ್ವನ್ನೂ ಇನ್ನೊಬ್ಬರು ಮುರಿಯಲಿಲ್ಲ. ಇಬ್ಬರೂ ನೂರಕ್ಕೆ 80ರ ಆಸಾಮಿಗಳು ಎಂದಿಟ್ಟುಕೊಂಡರೆ ಇಂಥದ್ದೊಂದು ಸಾಲು ಬೀಳುವ ಸಾಧ್ಯತೆ ಸುಮಾರು ನಲವತ್ತಕ್ಕೊಂದು. ಆ 80ನ್ನು 75ಕ್ಕೆ ಇಳಿಸಿ ಮತ್ತೆ ಲೆಕ್ಕ ಹಾಕಿ: ಆರು ಸಾವಿರಕ್ಕೊಂದು.

ಮಾಹುವಿನ ಪಾಡು ಕೇಳಿ. ಐದನೇ ಸೆಟ್ಟಿನಲ್ಲಿ ಮೊದಲ ಸರ್ವ್ ಇಸ್ನರ್‌ನದು. ಹಾಗಾಗಿ 4–5ರಿಂದ ಹಿಡಿದು ಪ್ರತಿ ಸಲವೂ ಮಾಹು ಸರ್ವ್ ಮಾಡಿದ್ದು ಸೋಲಿನ ಅಂಚಿನಲ್ಲಿ ನಿಂತು. ಆ ಗೇಮ್ ಹೋದರೆ ಪಂದ್ಯವೇ ಹೋಯಿತು. 64 ಸಲ ಉಳಿಸಿಕೊಂಡ. 65ನೆಯ ಸಲ ಆಗಲಿಲ್ಲ.

ಇನ್ನೊಂದು ಲೆಕ್ಕವಿದೆ, ನನಗೆ 70–68ಕ್ಕಿಂತ ಹೆಚ್ಚು ಸೋಜಿಗ ಅನ್ನಿಸುವುದು ಅದೇ. ಆ 980 ಪಾಯಿಂಟ್‌ಗಳಲ್ಲಿ ಗೆದ್ದ ಇಸ್ನರ್‌ನವು 478, ಸೋತ ಮಾಹುವಿನವು 502. ಇಪ್ಪತ್ತನಾಲ್ಕು ಹೆಚ್ಚು ಪಡೆದೂ ಸೋಲು! ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2018ರ ವಿಧಾನಸಭಾ ಚುನಾವಣೆಯಲ್ಲಿ ಶೇ 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗಿಂತ ಶೇ 36ರಷ್ಟು ಪಡೆದ ಬಿಜೆಪಿಗೇ ಹೆಚ್ಚು ಸ್ಥಾನ ಬಂದಿದ್ದವು. ಟೆನಿಸ್‌ನಲ್ಲೂ ಎಣಿಸುವುದು ಕ್ಷೇತ್ರಗಳನ್ನು. ಅಂತರ ಎಷ್ಟಿತ್ತೆಂದು ಯಾರೂ ಕೇಳುವುದಿಲ್ಲ. 2019ರ ವಿಂಬಲ್ಡನ್ ಫೈನಲ್‌ನಲ್ಲಿ ರೋಜರ್ ಫೆಡರರ್ 218 ಪಾಯಿಂಟ್ ಗೆದ್ದರು, ನೊವಾಕ್ ಜೊಕೊವಿಚ್ 204. ಕಪ್ ಜೊಕೊವಿಚ್ ಮನೆಗೆ ಹೋಯಿತು. ಅದೇ ಫೆಡರರ್ 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ತಮ್ಮ ಜೀವಮಾನದ ಲೆಕ್ಕ ಬಿಚ್ಚಿಟ್ಟರು: 1,526 ಸಿಂಗಲ್ಸ್ ಪಂದ್ಯ, ಗೆಲುವು ಹತ್ತಿರಹತ್ತಿರ ಶೇ 80, ಗೆದ್ದ ಪಾಯಿಂಟ್‌ಗಳು ಮಾತ್ರ ಶೇ 54. ಜಗತ್ತು ಕಂಡ ಮಹಾ ಆಟಗಾರರಲ್ಲೊಬ್ಬರು ಎರಡರಲ್ಲಿ ಒಂದಕ್ಕೆ ತುಸು ಕಡಿಮೆ ಪಾಯಿಂಟ್ ಕಳೆದುಕೊಳ್ಳುತ್ತಲೇ ಬದುಕಿದರು.

ಇಷ್ಟು ಬೆವರಿಗೆ ಇಸ್ನರ್‌ಗೆ ಸಿಕ್ಕಿದ್ದೇನು? 128 ಜನರ ಆ ಪಟ್ಟಿಯಲ್ಲಿ ಒಬ್ಬ ಉಳಿಯಲು 127 ಪಂದ್ಯ ನಡೆಯಬೇಕು, ಸುತ್ತುಗಳು ಏಳೇ. ಪ್ರತಿ ಸುತ್ತೂ ಅರ್ಧದಷ್ಟು ಜನರನ್ನು ನುಂಗುವುದರಿಂದ, ಇಡೀ ಭೂಮಿಯ ಎಂಟು ನೂರು ಕೋಟಿ ಜನ ರ‍್ಯಾಕೆಟ್ ಹಿಡಿದು ನಿಂತರೂ 33 ಸುತ್ತುಗಳಲ್ಲಿ ಎಲ್ಲ ಮುಗಿಯುತ್ತದೆ. ಇಸ್ನರ್ ದಾಟಿದ್ದು ಒಂದು ಸುತ್ತು. ಮರುದಿನವೇ ಎರಡನೇ ಸುತ್ತು; ಎದುರಾಳಿ ನೆದರ್ಲೆಂಡ್ಸ್‌ನ ಥಿಯೆಮೊ ಡಿ ಬಾಕರ್. 0–6, 3–6, 2–6. ಎಪ್ಪತ್ನಾಲ್ಕು ನಿಮಿಷಕ್ಕೆ ಕತೆ ಮುಗಿಯಿತು. ಹಿಂದಿನ ಪಂದ್ಯದಲ್ಲಿ 113 ಏಸ್ ಹೊಡೆದವನ ಕೈಯಿಂದ ಅಂದು ಒಂದೂ ಬರಲಿಲ್ಲ.

2018ರ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಇದೇ ಇಸ್ನರ್ ಕೆವಿನ್ ಆ್ಯಂಡರ್ಸನ್ ಎದುರು ಇಂಥದೇ ಮತ್ತೊಂದು ಉದ್ದದ ಐದನೇ ಸೆಟ್ ಆಡಿ 24–26ರಲ್ಲಿ ಸೋತ. ಮರುವರ್ಷವೇ ವಿಂಬಲ್ಡನ್ ಕೊನೆಯ ಸೆಟ್ಟಿಗೂ 12–12ಕ್ಕೆ ಟೈಬ್ರೇಕ್ ತಂದಿತು. 2022ರಿಂದ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಕೊನೆಯ ಸೆಟ್ 6–6 ಆದರೆ ಹತ್ತು ಪಾಯಿಂಟ್‌ಗಳ ಟೈಬ್ರೇಕ್. ಸ್ಕೋರ್‌ಬೋರ್ಡ್ ಮಾಡುವವರಿಗೆ ಈಗ ನೆಮ್ಮದಿ.

ಆ 70–68ರ ಪಂದ್ಯದ ಒಂದು ವರ್ಷದ ನಂತರ, 2011ರ ವಿಂಬಲ್ಡನ್‌ಗೆ ಚೀಟಿ ಎತ್ತಿದರು. ಆ ಸಲ ಇಬ್ಬರಿಗೂ ಶ್ರೇಯಾಂಕವಿರಲಿಲ್ಲ. ಶ್ರೇಯಾಂಕವಿಲ್ಲದ 96 ಮಂದಿಯಲ್ಲಿ ನಿರ್ದಿಷ್ಟ ಇಬ್ಬರು ಮೊದಲ ಸುತ್ತಿನಲ್ಲೇ ಎದುರಾಗುವ ಸಾಧ್ಯತೆ ಸುಮಾರು 142ಕ್ಕೊಂದು. ಬಂದದ್ದು ಇಸ್ನರ್ ಮತ್ತು ಮಾಹು. ನೋಡಲು ಬಂದವರು ಬುತ್ತಿ ಕಟ್ಟಿಕೊಂಡೇ ಬಂದಿದ್ದರೋ ಏನೋ. 7–6, 6–2, 7–6ರಲ್ಲಿ ಇಸ್ನರ್ ಗೆದ್ದ. ಎರಡು ಗಂಟೆ ಮೂರು ನಿಮಿಷ, 34 ಗೇಮ್.