ಫೋರ್ಡ್ ‘ಟಿ’ ಮೋಟಾರಿನ ಗ್ರಹಚಕ್ರಗಳು

ಬೀದರ ನಗರವು ಕೆಂಪು ಜಂಬಿಟ್ಟಿಗೆಯ ಎತ್ತರದ ಬಯಲಿನ ಅಂಚಿನಲ್ಲಿದೆ. ಕೋಟೆಯ ಮೇಲೆ ನಿಂತು ಉತ್ತರಕ್ಕೆ ನೋಡಿದರೆ ನೆಲವು ಇಳಿಯುತ್ತ ಹೋಗಿ ಮಾಂಜ್ರಾ ನದಿಯ ಕಣಿವೆಯನ್ನು ಸೇರುವುದು ಕಾಣುತ್ತದೆ. ಔರಾದಿನಿಂದ ಬೀದರಿಗೆ ಬರುವವರು ನದಿಯನ್ನು ದಾಟಿ ಈ ಏರನ್ನು ಹತ್ತಬೇಕು. ಬಸ್ಸಿನಲ್ಲಿ ಕುಳಿತವರಿಗೆ ಚಾಲಕನು ಗಿಯರು ಬದಲಿಸಿದ ಸದ್ದು ಕೇಳಿಸೀತು, ಅಷ್ಟೆ.

ಈಗ ಒಂದು ಕಲ್ಪನೆ ಮಾಡೋಣ. ನೂರು ವರ್ಷಗಳಿಗೂ ಹಿಂದಿನ ಫೋರ್ಡ್ ‘ಟಿ’ ಮಾದರಿಯ ಮೋಟಾರೊಂದನ್ನು ಯಾರೋ ಜೀರ್ಣೋದ್ಧಾರ ಮಾಡಿ ಇಂತಹ ಏರಿಗೆ ತಂದಿದ್ದಾರೆ. ಏರು ಬಹಳ ಕಡಿದಾಗಿದೆ. ಪೆಟ್ರೋಲು ತಳ ಕಾಣುತ್ತಿದೆ. ಆಗ ಅನುಭವಸ್ಥನಾದ ಚಾಲಕನು ಗಾಡಿಯ ಮುಖವನ್ನೇ ಹಿಂದಕ್ಕೆ ತಿರುಗಿಸಿ, ಹಿಮ್ಮುಖವಾಗಿ ಏರನ್ನು ಹತ್ತಿಸುತ್ತಾನೆ! ಇದು ವಿನೋದವಲ್ಲ. ಆ ಕಾಲದ ಚಾಲಕರು ಹೀಗೆ ಮಾಡುತ್ತಿದ್ದುದು ನಿಜ. ಇದಕ್ಕೆ ಎರಡು ಕಾರಣಗಳಿದ್ದವು.

ಮೊದಲನೆಯದು ಸುಲಭವಾಗಿ ತಿಳಿಯುವಂತಹುದು. ಈ ಮೋಟಾರಿನಲ್ಲಿ ಪೆಟ್ರೋಲನ್ನು ಎತ್ತುವ ಪಂಪು ಇರಲಿಲ್ಲ. ಬಹುತೇಕ ಗಾಡಿಗಳಲ್ಲಿ ತೊಟ್ಟಿಯು ಮುಂದಿನ ಆಸನದ ಕೆಳಗಿತ್ತು. ಪೆಟ್ರೋಲು ತನ್ನ ತೂಕದಿಂದಲೇ ಎಂಜಿನಿಗೆ ಹರಿಯಬೇಕು. ಏರಿನಲ್ಲಿ ಎಂಜಿನು ಮೇಲಾಗಿ ತೊಟ್ಟಿ ಕೆಳಗಾದರೆ ಹರಿವು ನಿಲ್ಲುತ್ತದೆ. ಹಿಮ್ಮುಖವಾಗಿ ಹತ್ತಿದರೆ ತೊಟ್ಟಿಯೇ ಮೇಲಾಗುತ್ತದೆ. ಎರಡನೆಯ ಕಾರಣವು ಗಿಯರುಪೆಟ್ಟಿಗೆಯಲ್ಲಿ ಅಡಗಿದೆ. ಅದನ್ನು ತುಸು ಬಿಡಿಸಿ ನೋಡಬೇಕು.

1908ರಿಂದ 1927ರವರೆಗೆ ಸುಮಾರು 1 ಕೋಟಿ 50 ಲಕ್ಷ ‘ಟಿ’ ಮೋಟಾರುಗಳು ತಯಾರಾದವು. ಭಾರತದಲ್ಲಿಯೂ ಫೋರ್ಡ್ ಸಂಸ್ಥೆಯು 1926ರಲ್ಲಿ ತನ್ನ ಶಾಖಾ ಕಂಪನಿಯನ್ನು ಸ್ಥಾಪಿಸಿತು. ಅಂದಿನ ಇತರ ಮೋಟಾರುಗಳಲ್ಲಿ ಗಿಯರು ಬದಲಿಸಲು ತಿರುಗುತ್ತಿರುವ ಹಲ್ಲುಚಕ್ರವನ್ನು ಸರಿಸಿ ಮತ್ತೊಂದಕ್ಕೆ ಹೊಂದಿಸಬೇಕಾಗಿತ್ತು. ಎರಡರ ವೇಗವೂ ಹೊಂದದಿದ್ದರೆ ಹಲ್ಲುಗಳು ಕರಕರನೆ ಉಜ್ಜಿ ಮುರಿಯುತ್ತಿದ್ದವು. ಅಭ್ಯಾಸವಿಲ್ಲದವರಿಗೆ ಇದು ದೊಡ್ಡ ತೊಡಕು. ‘ಟಿ’ ಮೋಟಾರಿನಲ್ಲಾದರೋ ಹಲ್ಲುಚಕ್ರಗಳು ಎಂದೂ ಒಂದನ್ನೊಂದು ಬಿಡುವುದಿಲ್ಲ. ಯಾವುದಾದರೊಂದು ಚಕ್ರವನ್ನು ಹಿಡಿದು ನಿಲ್ಲಿಸಿದರೆ ಸಾಕು, ವೇಗವು ಬದಲಾಗುತ್ತದೆ.

ಎಂಜಿನಿನ ಹಿಂತುದಿಯಲ್ಲಿ ಫ್ಲೈವೀಲು ಎಂಬ ಭಾರವಾದ ಚಕ್ರವಿದೆ. ಅದರ ಮೇಲೆ ಮೂರು ಗೂಟಗಳು. ಒಂದೊಂದು ಗೂಟದಲ್ಲಿಯೂ ಒಟ್ಟಿಗೆ ಬೆಸೆದ ಮೂರು ಹಲ್ಲುಚಕ್ರಗಳು. ಅವುಗಳ ಹಲ್ಲುಗಳು ಕ್ರಮವಾಗಿ 33, 27 ಮತ್ತು 24. ಫ್ಲೈವೀಲು ತಿರುಗಿದಾಗ ಇವು ಸೂರ್ಯನ ಸುತ್ತಲಿನ ಗ್ರಹಗಳಂತೆ ಕೇಂದ್ರದ ಸುತ್ತ ಸುತ್ತುವುದರಿಂದ ಇವುಗಳಿಗೆ ಗ್ರಹಚಕ್ರಗಳೆಂದು ಹೆಸರು. ಕೇಂದ್ರದಲ್ಲಿ ಇವುಗಳೊಡನೆ ಕೂಡಿಕೊಂಡಿರುವ ಮೂರು ಚಕ್ರಗಳಿವೆ: 33ಕ್ಕೆ 21, 27ಕ್ಕೆ 27, 24ಕ್ಕೆ 30 ಹಲ್ಲುಗಳು. ಪ್ರತಿ ಜೋಡಿಯ ಮೊತ್ತವೂ 54 ಆಗುವುದನ್ನು ಗಮನಿಸಿರಿ. ಮೂರು ಜೋಡಿಗಳೂ ಒಂದೇ ಅಂತರದಲ್ಲಿ ಹೊಂದಿಕೊಳ್ಳಬೇಕಾದರೆ ಹೀಗೆಯೇ ಇರಬೇಕು. ಕೇಂದ್ರದ 27 ಹಲ್ಲಿನ ಚಕ್ರವು ಗಾಡಿಯ ಹಿಂದಿನ ಗಾಲಿಗಳನ್ನು ತಿರುಗಿಸುತ್ತದೆ. ಉಳಿದೆರಡಕ್ಕೂ ಒಂದೊಂದು ಡ್ರಮ್ಮು ಇದ್ದು, ಅದರ ಸುತ್ತ ಒಂದು ಉಕ್ಕಿನ ಪಟ್ಟಿಯಿದೆ. ಪೆಡಲನ್ನು ಒತ್ತಿದರೆ ಪಟ್ಟಿ ಬಿಗಿದು ಡ್ರಮ್ಮು ನಿಲ್ಲುತ್ತದೆ.

ಎಡಗಡೆಯ ಪೆಡಲನ್ನು ಪೂರ್ತಿ ಒತ್ತಿದೆವೆನ್ನೋಣ. 21 ಹಲ್ಲಿನ ಚಕ್ರವು ನಿಂತಿತು. ಫ್ಲೈವೀಲು ಒಂದು ಸುತ್ತು ಬರುವಾಗ ಗಾಲಿಯ ಚಕ್ರವನ್ನು ತನ್ನೊಡನೆ 1 ಸುತ್ತು ಮುಂದಕ್ಕೆ ಒಯ್ಯುತ್ತದೆ. ಆದರೆ ಅದೇ ಹೊತ್ತಿನಲ್ಲಿ ಗ್ರಹಚಕ್ರವು ನಿಂತ ಚಕ್ರದ ಮೇಲೆ ಉರುಳುತ್ತ, ಗಾಲಿಯ ಚಕ್ರವನ್ನು 21/33 ಸುತ್ತು ಹಿಂದಕ್ಕೆ ತಳ್ಳುತ್ತದೆ. ಉಳಿದದ್ದು 12/33, ಅಂದರೆ 4/11. ಎಂಜಿನು 11 ಸುತ್ತು ತಿರುಗಿದರೆ ಮುಂದಿನ ದಂಡವು 4 ಸುತ್ತು ತಿರುಗುತ್ತದೆ. ವೇಗವು ತಗ್ಗಿದಷ್ಟು ತಿರುಗಿಸುವ ಬಲವು, ಘರ್ಷಣೆಯ ನಷ್ಟವನ್ನು ಬಿಟ್ಟರೆ, ಸುಮಾರು 2.75 ಪಟ್ಟು ಹೆಚ್ಚುತ್ತದೆ.

ನಡುವಿನ ಪೆಡಲನ್ನು ಒತ್ತಿದರೆ 30 ಹಲ್ಲಿನ ಚಕ್ರವು ನಿಲ್ಲುತ್ತದೆ. ಈಗ 1 ಸುತ್ತು ಮುಂದಕ್ಕೆ, 30/24 ಸುತ್ತು ಹಿಂದಕ್ಕೆ. ಹಿಂದಕ್ಕೆ ತಳ್ಳುವುದೇ ಹೆಚ್ಚಾದ್ದರಿಂದ ಗಾಡಿಯು ಹಿಮ್ಮುಖವಾಗಿ ಚಲಿಸುತ್ತದೆ. ಉಳಿದದ್ದು ಕಾಲು ಸುತ್ತು. ಬಲವು 4 ಪಟ್ಟು! ಮುಂದಿನ ಗಿಯರಿಗಿಂತ ಹಿಂದಿನ ಗಿಯರೇ ಬಲಶಾಲಿ. ಏರನ್ನು ಹಿಮ್ಮುಖವಾಗಿ ಹತ್ತಿಸುವುದಕ್ಕೆ ಇದೇ ಎರಡನೆಯ ಕಾರಣ.

ಎಡ ಪೆಡಲನ್ನು ಪೂರ್ತಿ ಬಿಟ್ಟರೆ ಕ್ಲಚ್ಚಿನ ಫಲಕಗಳು ಎಲ್ಲವನ್ನೂ ಒಂದೇ ಗಟ್ಟಿಯಾಗಿ ಬಿಗಿದು, ಎಂಜಿನಿಗೆ 1 ಸುತ್ತಾದರೆ ದಂಡಕ್ಕೂ 1 ಸುತ್ತು. ಭಾಲ್ಕಿಯ ಸುತ್ತಿನ ಎರೆಭೂಮಿಯ ಸಮತಟ್ಟಾದ ಹಾದಿಗೆ ಇದು ತಕ್ಕದ್ದು. ಪೆಡಲು ನಡುಮಟ್ಟದಲ್ಲಿದ್ದರೆ ಎಂಜಿನಿಗೂ ಗಾಲಿಗೂ ಸಂಬಂಧವಿಲ್ಲ. ಬಲಗಡೆಯ ಪೆಡಲು ಬ್ರೇಕು. ಎಂಜಿನಿನ ವೇಗವನ್ನು ಹೆಚ್ಚಿಸಲು ಕಾಲಿಗೆ ಕೆಲಸವಿಲ್ಲ. ಸ್ಟೀರಿಂಗಿನ ಕೆಳಗಿನ ಕಡ್ಡಿಯನ್ನು ಕೈಯಿಂದ ಸರಿಸಬೇಕು. ಇಂದಿನ ಕಾರನ್ನು ನಡೆಸಬಲ್ಲವನು ಈ ಗಾಡಿಯಲ್ಲಿ ಕುಳಿತರೆ ಅವನ ಅಭ್ಯಾಸವೇ ಅವನಿಗೆ ಶತ್ರು.

ಇಂತಹ ಗಾಡಿಯನ್ನು ಜೀರ್ಣೋದ್ಧಾರ ಮಾಡುವವರು ಬಣ್ಣಕ್ಕಿಂತ ಪಟ್ಟಿಗಳತ್ತ ಹೆಚ್ಚು ಗಮನ ಕೊಡಬೇಕು. ಪಟ್ಟಿಯ ಒಳಮೈಗೆ ಮೊದಲು ನೇಯ್ದ ಹತ್ತಿಯ ಹೊದಿಕೆ ಇರುತ್ತಿತ್ತು. ಅದು ಸವೆದರೆ ಗಾಡಿ ಎಳೆಯದು. ಇಂದು ಹೆಚ್ಚು ಬಾಳುವ ಕೆವ್ಲಾರ್ ನೂಲನ್ನೂ ಬಳಸುತ್ತಾರೆ. ಇನ್ನೊಂದು ಅಪಾಯವೂ ಉಂಟು. ಕಾಲಿನ ಬ್ರೇಕು ಹಿಡಿಯುವುದು ಗಾಲಿಯನ್ನಲ್ಲ, ಗಿಯರುಪೆಟ್ಟಿಗೆಯೊಳಗಿನ ಡ್ರಮ್ಮನ್ನು. ಇಳಿಜಾರಿನಲ್ಲಿ ಡ್ರಮ್ಮಿಗೂ ಗಾಲಿಗೂ ನಡುವಿನ ದಂಡವು ತುಂಡಾದರೆ ಆ ಬ್ರೇಕು ವ್ಯರ್ಥ. ಹಿಂಗಾಲಿಗಳ ಕೈಬ್ರೇಕೊಂದೇ ಗತಿ. ಆದುದರಿಂದಲೇ ಅನೇಕ ಜೀರ್ಣೋದ್ಧಾರಕರು ಹಿಂಗಾಲಿಗಳಿಗೆ ಬೇರೊಂದು ಬ್ರೇಕನ್ನು ಜೋಡಿಸುತ್ತಾರೆ.

ಮುಂದಕ್ಕೆ ಎರಡೇ ವೇಗಗಳಿದ್ದುದು ಈ ಏರ್ಪಾಡಿನ ದೊಡ್ಡ ಕೊರತೆ. 1927ರ ಕೊನೆಯಲ್ಲಿ ಬಂದ ಫೋರ್ಡ್ ‘ಎ’ ಮಾದರಿಯು ಸರಿಯುವ ಗಿಯರುಗಳಿಗೆ ಮರಳಿತು. ಆದರೆ ಗ್ರಹಚಕ್ರದ ತತ್ತ್ವ ಅಳಿಯಲಿಲ್ಲ. 1940ರ ಸುಮಾರಿಗೆ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಸ್ವಯಂಚಾಲಿತ ಗಿಯರುಪೆಟ್ಟಿಗೆಗಳಲ್ಲಿ ಅದು ಮತ್ತೆ ತಲೆಯೆತ್ತಿತು. ಪಟ್ಟಿಗಳನ್ನು ಬಿಗಿಯುವ ಕೆಲಸವನ್ನು ಕಾಲಿನ ಬದಲು ಎಣ್ಣೆಯ ಒತ್ತಡವು ವಹಿಸಿಕೊಂಡಿತು. 1997ರಲ್ಲಿ ಜಪಾನಿನಲ್ಲಿ ಬಂದ ಪ್ರಿಯಸ್ ಕಾರಿನಲ್ಲಿ ಎಂಜಿನು ಮತ್ತು ವಿದ್ಯುತ್ ಮೋಟಾರುಗಳ ಬಲವನ್ನು ಕೂಡಿಸುವುದೂ ಗ್ರಹಚಕ್ರಗಳೇ. ಮೇಲಿನ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಮಾಡಿ ನೋಡಿದ ವಿದ್ಯಾರ್ಥಿಗೆ ಹಳೆಯ ಗಾಡಿಯೊಡನೆ ಹೊಸ ಗಾಡಿಯ ಗುಟ್ಟೂ ತಿಳಿದಂತಾಯಿತು.